ಹಿಮ ನೋಡಲು ಒಂದು ಕುರ್ಚಿ

ಇವತ್ತು ಬೆಳಿಗ್ಗೆಯಿಂದ ನಮ್ಮ ಅಂಗಳದ ತುಂಬ ಗಾದಿಯ ಹತ್ತಿ ಹಾರುತ್ತಿದೆ. ಪಿಂಜಾರ ಇಮಾಮಸಾಬ ಬಂದಿದ್ದಾನೆ. ಅವನ ತಂದೆ ಹೆಗಲ ಮೇಲೆ ಬಿಲ್ಲು ಹೊತ್ತು ಬಂದು ಟಂಯ್ ಟಂಯ್ ಎಂದು ಹತ್ತಿ ಹಿಂಜುತ್ತಿದ್ದ. ಮಗನದು ಗಾಡಿಯ ಮೇಲೆ ಕೂಡಿಸಿದ ಮಶೀನು. ಅದರ ಸದ್ದಿಗೆ ನನ್ನ ಹಲ್ಲಿನ ಸೆಟ್ಟೂ ನಡುಗುತ್ತದೆ. ಹಳೆಯ ಹತ್ತಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ತಲೆಗೆ ಹಚ್ಚಿದ ಎಣ್ಣೆ, ಬಿಸಿಲು, ಯಾರೋ ಕೂಸಾಗಿದ್ದಾಗ ಮಾಡಿದ ಉಚ್ಚೆ, ಎಲ್ಲ ಕೂಡಿದ ವಾಸನೆ. ಅದು ಮೂಗಿಗೆ ಬಡಿದದ್ದೇ ನನಗೆ ಮನಾಲಿ ನೆನಪಾಯಿತು. ಹತ್ತಿಗೂ ಮನಾಲಿಗೂ ಏನು ಸಂಬಂಧ ಎನ್ನಬೇಡಿ. ಹೇಳುತ್ತೇನೆ, ಆದರೆ ಸುತ್ತಿನ ದಾರಿಯಲ್ಲಿ ಹೇಳುತ್ತೇನೆ. ಈ ವಯಸ್ಸಿಗೆ ಶಾರ್ಟ್‌ಕಟ್ ನನ್ನ ಮೊಣಕಾಲಿಗೆ ಆಗುವುದಿಲ್ಲ.

ನಾನು ಓದಿದ ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಕ್ಲಾರಾ ಎಂಬ ಸ್ವಿಸ್ ನನ್ ಇದ್ದರು. ಹುಡುಗಿಯಾಗಿದ್ದಾಗ ಚಳಿಗಾಲದಲ್ಲಿ ಚರ್ಚಿಗೆ ಸ್ಕೀ ಮಾಡುತ್ತಲೇ ಹೋಗುತ್ತಿದ್ದರಂತೆ. ಜಾಗ್ರಫಿ ಕ್ಲಾಸಿನಲ್ಲಿ ಎರಡು ಫುಟ್‌ಪಟ್ಟಿಗಳನ್ನು ಡೆಸ್ಕಿನ ಇಳಿಜಾರಿನ ಮೇಲೆ ಜಾರಿಸಿ, “ಬೆಂಡ್ ಯುವರ್ ನೀಸ್, ಗರ್ಲ್ಸ್, ಅಂಡ್ ಟ್ರಸ್ಟ್ ದ ಹಿಲ್” ಎನ್ನುತ್ತಿದ್ದರು. ಕ್ರಿಸ್‌ಮಸ್ ನಾಟಕದಲ್ಲಿ ನನಗೆ ಪ್ರತಿ ವರ್ಷ ಹಿಮದ ಪಾತ್ರ. ಮೇರಿ, ಏಂಜಲ್ ಎಲ್ಲ ಬೆಳ್ಳಗಿನ ಹುಡುಗಿಯರಿಗೆ; ನಾನು ಪರದೆಯ ಹಿಂದೆ ಬೆಂಚಿನ ಮೇಲೆ ನಿಂತು ಹತ್ತಿ ಉದುರಿಸಬೇಕು. ನಾನೋ ಮುಗಿಸಿ ಇಳಿಯುವ ಅವಸರದಲ್ಲಿ ಮುಷ್ಟಿ ಮುಷ್ಟಿಯಾಗಿ ಎಸೆಯುತ್ತಿದ್ದೆ. ಸಿಸ್ಟರ್ ಕೆಳಗಿನಿಂದ ಪಿಸುಗುಡುತ್ತಿದ್ದರು: “ಸ್ಲೋಲಿ, ಚೈಲ್ಡ್. ಸ್ನೋ ಮೇಕ್ಸ್ ನೋ ಸೌಂಡ್. ಯೂ ಮಸ್ಟ್ ಹಿಯರ್ ಇಟ್ ಒನ್ಸ್.”

ಸದ್ದೇ ಇಲ್ಲದ್ದನ್ನು ಕೇಳುವುದು ಹೇಗೆ? ಆ ಪ್ರಶ್ನೆಯನ್ನು ಟ್ರಂಕಿನಲ್ಲಿ ಇಟ್ಟುಕೊಂಡೇ ನಾನು ಗೋಕಾಕ ಫಾಲ್ಸ್‌ಗೆ ಸೊಸೆಯಾಗಿ ಬಂದೆ. ಇಲ್ಲಿ ವರ್ಷವಿಡೀ ಮಿಲ್ಲಿನ ಮಗ್ಗಗಳ ಸದ್ದು, ಮಳೆಗಾಲದಲ್ಲಿ ಅದರ ಮೇಲೆ ಧಬಧಬೆಯ ನೀರು ಬೀಳುವ ಸದ್ದು. ಮೊದಲ ವರ್ಷ ಯಾರು ಏನು ಹೇಳಿದರೂ ನಾನು “ಪಾರ್ಡನ್?” ಎನ್ನುತ್ತಿದ್ದೆ. ಅದು ಕಾನ್ವೆಂಟಿನವರ ದೇವರ ಹೆಸರಿರಬೇಕು, ಸೊಸೆ ಭಕ್ತಿವಂತೆ ಎಂದು ನಮ್ಮ ಅತ್ತೆ ಸಮಾಧಾನಪಟ್ಟುಕೊಂಡಿದ್ದರು.

ಅತ್ತೆಯ ಮನೆಯಲ್ಲಿ ಕಟ್ಟುನಿಟ್ಟು ಎಂಬುದು ಒಂದೇ. ಮಾವ, ನನ್ನ ಗಂಡ, ಮೈದುನ ಎಲ್ಲರೂ ಮಿಲ್ಲಿನವರು. ಬೇರೆ ಬೇರೆ ಪಾಳಿ. ಹಗಲು ಯಾವ ಹೊತ್ತಿನಲ್ಲಿ ನೋಡಿದರೂ ಒಬ್ಬರಾದರೂ ಮಲಗಿರುತ್ತಿದ್ದರು. ಬಂದ ಮರುದಿನವೇ ಅತ್ತೆ ನನ್ನನ್ನು ಕೂಡಿಸಿಕೊಂಡು ಹೇಳಿದರು: “ಮಲಗಿದವರನ್ನ ಎಬ್ಬಸಬ್ಯಾಡವಾ. ಮನಿಗಿ ಬೆಂಕಿ ಹತ್ತಿದ್ರ ಮೊದಲ ನೀರ ಹಾಕು. ಆರಲಿಲ್ಲಂದ್ರ ಎಬ್ಬಸು.” ನನ್ನ ನಾದಿನಿ ಗಂಗವ್ವ ಈ ಕಾಯ್ದೆಯಲ್ಲೇ ಹುಟ್ಟಿ ಬೆಳೆದವಳು. ಮದುವೆಯಾಗಿ ಹೋದದ್ದು ಕಣಗಲಾಕ್ಕೆ, ಕುರಿ ಸಾಕುವವರ ಮನೆಗೆ. ಆದರೆ ಅವಳು ತವರಿನ ಕಾಯ್ದೆ ಬಿಡಲಿಲ್ಲ. ಅಲ್ಲಿ ಮಲಗಿದ ಕುರಿಯನ್ನೂ ಎಬ್ಬಿಸುವುದಿಲ್ಲ ಎಂದು ಅವಳ ಮನೆಯವರು ನಗುತ್ತಿದ್ದರು.

ಹೋದ ವರ್ಷದ ಚಳಿಗಾಲದಲ್ಲಿ ಟೀವಿಯಲ್ಲಿ ಸುದ್ದಿ ಬಂತು: ಮುಂದಿನ ಶನಿವಾರ ಮನಾಲಿಯ ಕಡೆ ಭಾರೀ ಹಿಮಬಿರುಗಾಳಿ, ಪ್ರವಾಸಿಗಳು ವಾಪಸು ಬರುತ್ತಿದ್ದಾರೆ. ನನ್ನ ತಲೆಯಲ್ಲಿ ಲೈಟು ಹತ್ತಿತು. ಬಿರುಗಾಳಿಗೆ ಹೆದರಿ ಓಡುವವರಿಗೆ ಪ್ಲಾನಿಂಗ್ ಗೊತ್ತಿಲ್ಲ. ಶುಕ್ರವಾರ, ಅದು ಬರುವ ಮೊದಲೇ ಹೋಟೆಲು ಸೇರಬೇಕು. ಶನಿವಾರ ಬೆಚ್ಚಗೆ ಕಿಟಕಿಯ ಮುಂದೆ ಕೂತು, ಕೈಯಲ್ಲಿ ಚಹಾ ಹಿಡಿದು, ಬೀಳುವುದನ್ನು ನೋಡಬೇಕು, ಕೇಳಬೇಕು. ರವಿವಾರ ಹೊಸ ಹಿಮದ ಮೇಲೆ ಸ್ಕೀ. ಎ ಕಂಫರ್ಟೆಬಲ್ ವೀಕೆಂಡ್. ಎರಡು ದಿನದ ಆ ವೀಕೆಂಡಿಗೆ ಹೋಗಿ ಬರಲು ವಾರ ಹಿಡಿಯುತ್ತದೆ ಎಂಬುದು ಆಮೇಲೆ ಲೆಕ್ಕಕ್ಕೆ ಬಂದ ವಿಷಯ.

ಗಂಗವ್ವನಿಗೆ ಹೇಳಿದೆ. ಅವಳು ನನ್ನ ಮೊಣಕಾಲು ನೋಡಿದಳು. “ವೈನೀ, ನಿಮಗ ಕೆಳಗ ಕುಂತ್ರ ಏಳಾಕ ಬರೂದಿಲ್ಲ. ಜಾರಾಕ ಹೊಂಟೀರಿ?”

“ಜಾರಾಕ ಏಳೂದು ಬೇಕಾಗಿಲ್ಲ ಗಂಗವ್ವಾ. ಟ್ರಸ್ಟ್ ದ ಹಿಲ್.”

“ಆ ಗುಡ್ಡಾ ನಿಮ್ಮನ್ನ ನಂಬಬೇಕಲ್ಲರಿ,” ಎಂದಳು. ಆದರೆ ಮರುದಿನವೇ ಕಣಗಲಾದಿಂದ ನಾಲ್ಕು ಕರಿ ಕಂಬಳಿ, ಕುರಿ ಕಾಯುವ ಎರಡು ಕೋಲು, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಒಂದು ಡಬ್ಬಿ ಶೇಂಗಾ ಹೋಳಿಗೆ ಹೊತ್ತುಕೊಂಡು ಬಂದಳು.

ಸೀರೆಯ ಒಳಗೆ ಹಾಕಿಕೊಳ್ಳಲು ನನಗೆ ಉಣ್ಣೆಯ ಪ್ಯಾಂಟು ಬೇಕಿತ್ತು. ಮೂಡಲಗಿಯ ಟೇಲರ್ ಬಟ್ಟೆ ಮುಟ್ಟಿ ನೋಡಿ, “ಯಾರಿಗ್ರಿ?” ಎಂದ. ನನಗೇ, ಬರ್ಫದಾಗ ಜಾರಾಕ ಹೊಂಟೇನಿ ಎಂದೆ. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬಟ್ಟೆಯನ್ನು ಎರಡು ಪದರ ಮಡಚಿ ನೋಡಿದ. “ಹಂಗಾರ ಹಿಂದ ಡಬಲ್ ಅರಬಿ ಕೊಡತೇನ್ರಿ.”

ಹೋಟೆಲಿನ ಮ್ಯಾನೇಜರಿಗೆ ನಾನೇ ಫೋನ್ ಮಾಡಿದೆ. ವೆಸ್ಟರ್ನ್ ಕಮೋಡ್ ಇದೆ, ಬಿಸಿನೀರಿದೆ, ಮೆಟ್ಟಿಲಿಲ್ಲ. ಕಿಟಕಿ ಇದೆಯೇ? ಇದೆ. ಕಿಟಕಿಯ ಮುಂದೆ ಕುರ್ಚಿ ಇದೆಯೇ? ಇಡಿಸಬಹುದು. ಕುರ್ಚಿಗೆ ಕೈ ಇರಬೇಕು, ಇಲ್ಲದಿದ್ದರೆ ಚಹಾ ಕುಡಿಯುವಾಗ ಮೊಣಕೈ ಎಲ್ಲಿ ಊರಲಿ? ಅವನು ಮೆತ್ತಗೆ, “ಮೇಡಂ, ಸ್ಟಾರ್ಮ್ ಬರುತ್ತಿದೆ, ಎಲ್ಲರೂ ಕ್ಯಾನ್ಸಲ್ ಮಾಡುತ್ತಿದ್ದಾರೆ,” ಎಂದು ಇಂಗ್ಲಿಷಿನಲ್ಲಿ ತಿಳಿಹೇಳಿದ. “ದಟ್ ಈಸ್ ಪ್ರಿಸೈಸ್ಲಿ ವೈ ವೀ ಆರ್ ಕಮಿಂಗ್,” ಎಂದೆ. ಗಂಗವ್ವ ಫೋನ್ ಕಸಿದುಕೊಂಡು ತನ್ನ ಹಿಂದಿಯಲ್ಲಿ, “ಭಯ್ಯಾ, ಹಮ್ ಆರೇ. ತಬ್ ತಕ್ ಬರಫ್ ಕೋ ಜರಾ ಪಕಡ್ ಕೇ ರಖೋ,” ಎಂದು ಹಿಮವನ್ನು ನಾವು ಬರುವ ತನಕ ಹಿಡಿದಿಡಲು ಅಪ್ಪಣೆ ಕೊಟ್ಟಳು.

ಅವನು ಹಿಡಿದಿಟ್ಟಿದ್ದ. ಬೆಳಗಾವಿಯಿಂದ ವಿಮಾನ, ದಿಲ್ಲಿಯಿಂದ ಕಾರು, ಆಮೇಲೆ ಕರುಳು ಬಾಯಿಗೆ ಬರುವಂಥ ಘಾಟ್ ರಸ್ತೆ. ವಾಂತಿಯ ಭಯಕ್ಕೆ ನಾನು ದಾರಿಯುದ್ದಕ್ಕೂ ಗುಳಿಗೆ ನುಂಗಿದೆ. ಶುಕ್ರವಾರ ತಲುಪಬೇಕಾದವರು ಶನಿವಾರ ಊಟದ ಹೊತ್ತಿಗೆ ತಲುಪಿದೆವು. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಒಂದು ಹರಳೂ ಬಿದ್ದಿರಲಿಲ್ಲ. ಕಿಟಕಿಯ ಮುಂದೆ ಕುರ್ಚಿ ಇತ್ತು. ಕುರ್ಚಿಗೆ ಎರಡೂ ಕೈ ಇದ್ದವು. ಸಂಜೆಗೆ ಶುರುವಾಗುತ್ತದೆ ಎಂದ ಮ್ಯಾನೇಜರ್. ಸರಿ, ಅಲ್ಲಿಯ ತನಕ ಐದು ನಿಮಿಷ ಬೆನ್ನು ಚಾಚೋಣ ಎಂದು ತುಪ್ಪ ಹಾಕಿದ ಎರಡು ಹೋಳಿಗೆ ತಿಂದು, ಬಿಸಿನೀರಿನ ಚೀಲ ಕಾಲಿಗಿಟ್ಟುಕೊಂಡು, ನಾಲ್ಕು ಕಂಬಳಿಯ ಕೆಳಗೆ ಸೇರಿದೆ.

ಆ ಗುಳಿಗೆಗಳ ನಿದ್ದೆ ಹರಿದು ಎಚ್ಚರವಾದಾಗ ಕೋಣೆಯಲ್ಲಿ ಬಿಸಿಲಿತ್ತು. ಹೊರಗೆ ಗಿಡ, ಗೋಡೆ, ನಿಲ್ಲಿಸಿದ ಕಾರು ಎಲ್ಲ ಬೆಳ್ಳಗೆ ದುಂಡಗಾಗಿದ್ದವು. ಆಕಾಶ ನೀಲಿ. ಅದು ರವಿವಾರದ ಬೆಳಿಗ್ಗೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗಂಗವ್ವ ಕೈ ಇರುವ ಕುರ್ಚಿಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು.

“ಯಾವಾಗ ಬಿತ್ತ?”

“ನೀವು ಮಲಗಿದ್ರಲ್ಲರಿ, ಆವಾಗ. ಭಾಳ ಬಿತ್ರಿ.”

“ಎಬ್ಬಸಬೇಕಿತ್ತಲ್ಲ ಗಂಗವ್ವಾ.”

ಅವಳು ರೊಟ್ಟಿ ಹಿಡಿದ ಕೈ ಹಾಗೆಯೇ ನಿಲ್ಲಿಸಿ ನನ್ನನ್ನು ನೋಡಿದಳು. ಕೊಲೆ ಮಾಡಬೇಕಿತ್ತು ಎಂದಿದ್ದರೂ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ. “ಮಲಗಿದವರನ್ನ ಎಬ್ಬಸತಾರೇನ್ರಿ? ಎರಡು ಸಲ ಮೂಗಿನ ಮುಂದ ಬೆರಳ ಹಿಡದ ನೋಡಿದ್ಯಾ. ಉಸರ ಬರತಿತ್ತು. ಬಿಟ್ಟ್ಯಾ.”

ಸ್ಕೀ ಮಾಡಿದೆನೇ ಎಂದು ಕೇಳುತ್ತೀರಿ. ಮಾಡಿದೆ. ಹೋಟೆಲಿನ ಹಿಂದಿನ ದಿಬ್ಬದ ಮೇಲೆ, ಕೈಯಲ್ಲಿ ಕಣಗಲಾದ ಕೋಲು ಹಿಡಿದು, ಮೊಣಕಾಲು ಬಗ್ಗಿಸಿ, ಗುಡ್ಡವನ್ನು ನಂಬಿ, ಒಂದು ಸೀರೆಯ ಉದ್ದದಷ್ಟು ಜಾರಿದೆ. ಆಮೇಲೆ ಕೂತೆ. ಮೂಡಲಗಿಯ ಡಬಲ್ ಅರಬಿ ಸಾರ್ಥಕವಾಯಿತು. ಎಬ್ಬಿಸಲು ಮ್ಯಾನೇಜರ್, ಅಡಿಗೆಯವ, ಡ್ರೈವರ್ ಮೂವರೂ ಬಂದರು. ನಕ್ಕೆವು, ಫೋಟೋ ತೆಗೆಸಿಕೊಂಡೆವು. ಆದರೆ ವಾಪಸು ಬರುವಾಗ ದಿಲ್ಲಿಯ ತನಕ ನಾನು ಗಂಗವ್ವನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇಷ್ಟು ದೂರ ಹೋದದ್ದು ಬಿದ್ದ ಹಿಮಕ್ಕಲ್ಲ, ಬೀಳುವ ಹಿಮಕ್ಕೆ. ಇನ್ನೊಮ್ಮೆ ಹೋಗುವ ಮೊಣಕಾಲು ನನ್ನ ಹತ್ತಿರ ಇಲ್ಲ.

ಇವತ್ತು ಮಧ್ಯಾಹ್ನ ಇಮಾಮಸಾಬ ಮಶೀನು ಬಂದ್ ಮಾಡಿ, ಬುತ್ತಿ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗೆ ಕೂತ. ಮಿಲ್ಲಿಗೆ ರಜೆ, ಧಬಧಬೆ ಬೇಸಿಗೆಗೆ ಬತ್ತಿದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಮಶೀನು ನಿಂತರೂ ಹತ್ತಿ ಇನ್ನೂ ಗಾಳಿಯಲ್ಲಿತ್ತು. ಬಿಸಿಲಿನಲ್ಲಿ ಮಿನುಗುತ್ತ, ಅವಸರವೇ ಇಲ್ಲದೆ, ತುಳಸಿಕಟ್ಟೆಯ ಮೇಲೆ, ನನ್ನ ಚಪ್ಪಲಿಯ ಮೇಲೆ ಇಳಿಯುತ್ತಿತ್ತು. ಸದ್ದಿಲ್ಲ. ನಾನು ಉಸಿರು ಹಿಡಿದು ಕೇಳಿದೆ.

ಗಾದಿ ಮಾಡಿಸಲೆಂದೇ ಬಂದಿದ್ದ ಗಂಗವ್ವ ಪಡಸಾಲೆಯ ಹೊರಸಿನ ಮೇಲೆ ಬಾಯಿ ತೆರೆದು ಮಲಗಿದ್ದಳು. ಒಂದು ಎಳೆ ಹತ್ತಿ ಅವಳ ಗಲ್ಲದ ಮೇಲೆ ಕೂತಿತ್ತು. ಅತ್ತೆಯ ಫೋಟೋ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ನಾನು ಆ ಕಡೆ ಬೆನ್ನು ಮಾಡಿ, ಗಂಗವ್ವನ ಭುಜ ಹಿಡಿದು ಅಲುಗಾಡಿಸಿದೆ.

ಅವಳು ಧಡಕ್ಕನೆ ಎದ್ದು ಕೂತಳು. “ಎಲ್ಲಿ ಹತ್ತೇತ್ರಿ ವೈನೀ, ಬೆಂಕಿ?”

“ಬೆಂಕಿ ಅಲ್ಲ. ಹೊರಗ ನೋಡು. ಹಿಂಗ ಇತ್ತೇನು?”

ಅವಳು ಕಣ್ಣು ತಿಕ್ಕಿಕೊಂಡು ಅಂಗಳ ನೋಡಿದಳು. ಬಹಳ ಹೊತ್ತು ನೋಡಿದಳು. “ಹಿಂಗ ಇತ್ರಿ,” ಎಂದಳು ಮೆಲ್ಲಗೆ. “ಅವತ್ತ ಒಬ್ಬಾಕಿನ ಕುಂತ ನೋಡಿ ನೋಡಿ ಸಾಕಾಗಿತ್ರಿ. ಯಾರಿಗೆ ತೋರಸಲಿ?” ಆಮೇಲೆ ಜೋರಾಗಿ ಸೀನಿದಳು. “ಅದಕ್ಕ ಸೀನ ಬರತಿರಲಿಲ್ರಿ, ಅಷ್ಟ.”

ಎದ್ದು ಹೋಗಿ ಒಳಗಿನಿಂದ ನನಗೆ ಕುರ್ಚಿ ತಂದು ಬಾಗಿಲಲ್ಲಿ ಹಾಕಿದಳು. ಅದಕ್ಕೆ ಕೈ ಇರಲಿಲ್ಲ. ನಾನು ಅದರಲ್ಲಿ ಕೂತು, ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತ ಅವಳ ಹೆಗಲ ಮೇಲೆ ಮೊಣಕೈ ಊರಿದೆ. ಇಮಾಮಸಾಬ ಕೈ ತೊಳೆದುಕೊಂಡು ಮಶೀನಿನ ಕಡೆ ಹೊರಟದ್ದನ್ನು ಇಬ್ಬರೂ ಒಟ್ಟಿಗೇ ನೋಡಿದೆವು.

“ಏ ಇಮಾಮಸಾಬ,” ಎಂದಳು ಗಂಗವ್ವ ದನಿ ತಗ್ಗಿಸಿ, ಯಾರೋ ಮಲಗಿದ್ದಾರೆ ಎಂಬ ಹಾಗೆ. “ಇನ್ನೊಂದು ರೊಟ್ಟಿ ತಿನ್ನಪಾ.”