ಒಂದನ್ನು ಒತ್ತಿದರೆ ಎರಡು

ಗದಗ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಬೆಟಗೇರಿಯ ನಮ್ಮ ಆರ್ಕೆಸ್ಟ್ರಾ ಮದುವೆಗಳಲ್ಲಿ ಹಾಡುತ್ತಿತ್ತು, ಗಿಟಾರು ನನ್ನ ಪಾಲು. ತಂಡದ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಹೊಸ ಜಿಲ್ಲೆಗೆ ಹೊಸ ಸಾಮಾನು ಬೇಕು ಎಂದು ಅವರೇ ಹುಬ್ಬಳ್ಳಿಯಿಂದ ಎರಡು ಯಂತ್ರ ತಂದರು. ಹೊಸದೆಂದು ಹೆಸರಷ್ಟೇ, ಯಾರೋ ಬಳಸಿ ಬಿಟ್ಟವು.

ಒಂದು ಮಾಡೆಲರ್ ಪೆಟ್ಟಿಗೆ. ಗಿಟಾರಿನ ಮೆತ್ತನೆಯ ದನಿ, ಗುಡುಗುವ ದನಿ, ಎಲ್ಲವನ್ನೂ ಅದರಲ್ಲಿ ನಂಬರು ಹಚ್ಚಿ ಕೂಡಿಡಬಹುದು. ಇನ್ನೊಂದು ಕಾಲಿನಿಂದ ಒತ್ತುವ ಗುಂಡಿಗಳ ಹಲಗೆ. ನಡುವೆ ಮಿಡಿ ಎನ್ನುವ ವೈರು. ಮೊದಲ ಗುಂಡಿ ಒತ್ತಿದರೆ ಮೊದಲ ದನಿ ಬರಬೇಕು, ಹೌದಲ್ಲ? ಎರಡನೆಯದು ಬರುತ್ತಿತ್ತು! ಎರಡನೆಯ ಗುಂಡಿ ಒತ್ತಿದರೆ ಮೂರನೆಯದು. ಯಾಕೆಂದು ತಿಳಿಯದೆ ತಲೆ ಗಿರ್ರೆನ್ನುತ್ತಿತ್ತು. ತಿಳಿಸಬೇಕಾದ ಪುಸ್ತಕವನ್ನು ಮಾರಿದ ಪುಣ್ಯಾತ್ಮ ಎಲ್ಲಿ ಕಳೆದಿದ್ದನೋ.

ಶಿರಹಟ್ಟಿಯ ಮದುವೆಯಲ್ಲಿ ಮಾನ ಹೋಯಿತು. ಹೆಣ್ಣು ಒಪ್ಪಿಸುವ ಹೊತ್ತು, ತಾಯಿ ಮಗಳ ಕೈ ಹಿಡಿದು ಅಳುತ್ತಿದ್ದಳು. ಮೆತ್ತನೆಯ ದನಿಗೆಂದು ಗುಂಡಿ ಒತ್ತಿ ತಂತಿ ಮೀಟಿದೆ. ಕಟ್ಟಿಗೆ ಅಡ್ಡೆಯ ಗರಗಸ ಮಂಟಪಕ್ಕೇ ಬಂದಂತಾಯಿತು. ಆ ತಾಯಿ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಟೆಂಪೋದಲ್ಲಿ ಚಾಚಾ ನನ್ನ ಕಡೆ ತಿರುಗಿ ಅಂದರು: "ಕೀಬೋರ್ಡಿನ್ಯಾಗೂ ಗಿಟಾರಿನ ದನಿ ಐತಿ ಲೇ. ಮುಂಡರಗಿ ಮದುವ್ಯಾಗ ಮತ್ತ ಹಿಂಗಾತಂದ್ರ ನೀ ಮನ್ಯಾಗ ಕುಂಡ್ರು. ಖರೆ ಹೇಳಾಕತ್ತೇನಿ."

ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆ ಬಂತು. ಗಿಟಾರು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ.

ಮರುದಿನ ಪಡಸಾಲೆಯಲ್ಲಿ ಯಂತ್ರ ಹರವಿಕೊಂಡು ಕೂತೆ. ಪಕ್ಕದಲ್ಲಿ ಅವ್ವ ಜೋಳ ಅಳೆಯುತ್ತಿದ್ದಳು. ಕಾಳು ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆಮೇಲೆ ಎರಡು, ಮೂರು. ಪೆಟ್ಟಿಗೆಯ ಗಾಜಿನ ಮೇಲೆ ಮೊದಲ ದನಿಗೂ ಒಂದು ಎಂದು ಬರುತ್ತಿರಲಿಲ್ಲ, ಸೊನ್ನೆ ಬರುತ್ತಿತ್ತು.

"ಸಿಕ್ತು ನೋಡಬೇ!" ಎಂದು ಕೂಗಿದೆ. "ಇದರ ಲಾಭ ಈ ಸೊನ್ನಿ!"

ಗುಂಡಿಗಳ ಮೇಲೆ ಪಟ್ಟಿ ಅಂಟಿಸಿ ಲಾಭ, ಎರಡು, ಮೂರು ಎಂದು ಬರೆದೆ. ಒತ್ತಿದೆ. ಅದೇ ಗರಗಸ. ಹಲಗೆಯನ್ನು ಅಂಗಳಕ್ಕೆ ಎಸೆಯುವಷ್ಟು ಸಿಟ್ಟು ಬಂತು.

ಅವ್ವ ಸೇರನ್ನು ಕೆಳಗಿಟ್ಟು ಕೇಳಿದಳು: "ಲಾಭ ಆದಮ್ಯಾಲ ನಾವು ಎರಡು ಅಂತೀವಿ. ಅದು ಏನಂತೈತಿ?"

"ಒಂದು ಅಂತೈತಿ. ಮೊದಲನೇ ಗುಂಡಿ ಕೇಳೂದೂ ಅದ ಒಂದನ್ನ."

"ಹಂಗಾರ ಅದು ಮೊದಲನೇ ಸೇರನ್ನ ಲೆಕ್ಕಕ್ಕ ಹಿಡದೇ ಇಲ್ಲ. ನಾವು ಹೆಸರು ಬ್ಯಾರೆ ಹೇಳಿದ್ರೂ ಲೆಕ್ಕ ಬಿಡೂದಿಲ್ಲ. ನಿನ್ನ ದನಿ ಎಲ್ಲಾ ಒಂದೊಂದು ಮನಿ ಮುಂದ ಸರಿಸಿ ನೋಡು."

ಸರಿಸಿದೆ. ಮೊದಲ ಗುಂಡಿಗೆ ಮೆತ್ತನೆಯ ದನಿ ಬಂತು! ಅವ್ವ ಆಗಲೇ ಮತ್ತೆ ಜೋಳಕ್ಕೆ ಕೈ ಹಾಕಿದ್ದಳು.

ಲಕ್ಷ್ಮೇಶ್ವರದ ಸಣ್ಣ ಕಾರ್ಯಕ್ರಮದಲ್ಲಿ ಎಲ್ಲ ಸರಿಯಾಗಿ ನಡೆಯಿತು. ನಾನು ಹಿಗ್ಗಿ ಹೀರೇಕಾಯಿಯಾದೆ. ಸುಮ್ಮನಿರಬಾರದಿತ್ತೆ? ಮೊದಲ ಸಾಲಿನ ಗುಂಡಿಗಳನ್ನು ಕುಣಿಯುವ ಹಾಡುಗಳಿಗೆ ಬಿಟ್ಟು, ಹೆಣ್ಣು ಒಪ್ಪಿಸುವ ಹಾಡಿನ ದನಿಯನ್ನು ಎರಡನೆಯ ಸಾಲಿಗೆ ಸಾಗಿಸಿದೆ. ಇಂಥ ಸಾಲಿಗೆ ಬ್ಯಾಂಕು ಎನ್ನುತ್ತಾರೆ. ಹಲಗೆಯ ಬ್ಯಾಂಕಿಗೆ ಐದು ಗುಂಡಿ, ಪೆಟ್ಟಿಗೆಯ ಬ್ಯಾಂಕಿಗೆ ನಾಲ್ಕೇ ದನಿ. ಎರಡನೆಯ ಸಾಲಿನಿಂದ ಲೆಕ್ಕ ತಪ್ಪುತ್ತದೆ ಎಂಬುದನ್ನು ನಾನು ನೋಡಿರಲೇ ಇಲ್ಲ.

ಮುಂಡರಗಿಯ ಮಂಟಪದಲ್ಲಿ ಕುಣಿಯುವ ಹಾಡು ಮುಗಿಯಿತು. ಹೆಣ್ಣಿನ ಕಡೆಯವರು ಮುಂದೆ ಬಂದು ನಿಂತರು. ಎರಡನೆಯ ಬ್ಯಾಂಕಿಗೆ ಹೋಗಿ ಮೊದಲ ಗುಂಡಿ ಒತ್ತಿದೆ. ಪೆಟ್ಟಿಗೆಯಲ್ಲಿ ಬೇರೆಯೇ ನಂಬರು ಬಂತು. ಇನ್ನೊಂದನ್ನು ಒತ್ತಿದೆ, ಅದೂ ಅಲ್ಲ. ಮುಂದೆ ಸರಿಸಬೇಕೋ ಹಿಂದೆ ಸರಿಸಬೇಕೋ, ಒಂದೋ ಎರಡೋ, ಅವ್ವನ ಲೆಕ್ಕವೂ ಮರೆತುಹೋಯಿತು. ಕೀಬೋರ್ಡಿನವನು ಹಾಡು ಶುರು ಮಾಡಿಯೇಬಿಟ್ಟ. ಚಾಚಾ ಹಾರ್ಮೋನಿಯಂ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಇನ್ನು ಮುಗಿಯಿತು ನನ್ನ ಕತೆ ಎಂದುಕೊಂಡೆ.

ಹಲಗೆಯಿಂದ ಕಾಲು ತೆಗೆದುಬಿಟ್ಟೆ. ಪೆಟ್ಟಿಗೆ ಯಾವುದೋ ಗುಡುಗುವ ದನಿಗೆ ಹೋಗಿ ನಿಂತಿತ್ತು. ಗಿಟಾರಿನ ಮೈಮೇಲೆ ದನಿ ಏರಿಸಿ ಇಳಿಸುವ ಒಂದು ತಿರುಪು ಇರುತ್ತದೆ. ಯಂತ್ರ ಬರುವ ಮೊದಲು ವರ್ಷಗಟ್ಟಲೆ ಅದನ್ನೇ ತಿರುಗಿಸಿ ಬಾರಿಸಿದವನು ನಾನು. ಕಿರುಬೆರಳಿನಿಂದ ಅದನ್ನು ಪೂರಾ ಇಳಿಸಿ, ಒಂದು ಕೂದಲೆಳೆ ಏರಿಸಿ, ಉಗುರು ತಾಕದಂತೆ ಬೆರಳಿನ ಮಾಂಸದಿಂದ ಮೀಟಿದೆ. ಗುಡುಗು ಉಡುಗಿ, ಕೆಳಗೆ ಅಳುವವರ ಅಳುವಿಗಿಂತ ಸಣ್ಣಗೆ ಒಂದು ದನಿ ಬಂತು. ಈ ಸಲ ಯಾರೂ ತಿರುಗಿ ನೋಡಲಿಲ್ಲ. ತಾಯಿ ಮಗಳನ್ನು ಅಪ್ಪಿಕೊಂಡು ಮನಸಾರೆ ಅತ್ತಳು.

ಸಾಮಾನು ಕಟ್ಟುವಾಗ ಚಾಚಾ ಬಂದು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಇಂಥ ದನಿ ಕೀಬೋರ್ಡಿನ್ಯಾಗ ಇಲ್ಲ ಬಿಡು. ನೀ ಎಲ್ಲೂ ಹೋಗಬ್ಯಾಡ. ಯಾವ ಗುಂಡಿ ಅದು?"

ಖರೆ ಹೇಳಿದರೆ ಅವರು ಆಸೆಯಿಂದ ತಂದ ಯಂತ್ರದ ಮಾನ ಹೋಗುತ್ತಿತ್ತು. ಕೈಗೆ ಸಿಕ್ಕ ಗುಂಡಿಯೊಂದನ್ನು ತೋರಿಸಿದೆ. ಚಾಚಾ ತಮ್ಮ ಕರವಸ್ತ್ರದಿಂದ ಅದೊಂದನ್ನೇ ಒರೆಸಿದರು.

"ಇನ್ನ ಮ್ಯಾಲ ಎಲ್ಲಾ ಮದುವ್ಯಾಗೂ ಇದನ್ನ ಒತ್ತು," ಎಂದರು.

ಒತ್ತಿದಂತೆ ನಟಿಸುತ್ತ ಬಂದೆ, ಚಾಚಾ ಇರುವವರೆಗೂ.