ಬಾಣವಿಲ್ಲದೆ ಬಿಟ್ಟ ಹೆದೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ಬಿಲ್ಲು ದೇವದುರ್ಗದ ಸೋದರಮಾವನ ಮನೆಯಲ್ಲಿದ್ದದ್ದು ಒಂದೇ ದಿನ ಎನ್ನುತ್ತದೆ ದಿನಚರಿ. ನೆನಪು ಮೂರು ದಿನ ಎನ್ನುತ್ತದೆ. ದಿನಚರಿಯನ್ನೇ ನಂಬೋಣವೆಂದರೆ, ಅದನ್ನು ಬರೆದವಳೂ ನಾನೇ.

ಆಗ ರಾಯಚೂರಿನಲ್ಲಿ ಎಂ.ಎ. ಕೊನೆಯ ವರ್ಷ. ವಿಶ್ವವಿದ್ಯಾಲಯದ ಬಿಲ್ಲುಗಾರಿಕೆ ತಂಡ ಸೇರಲು ನನಗಿದ್ದ ಕೊನೆಯ ಆಯ್ಕೆ ಸ್ಪರ್ಧೆಯೂ ಅದೇ ವರ್ಷ. ಇದ್ದದ್ದು ಒಂದು ಬಿಲ್ಲು, ಒಂದೇ ಹೆದೆ. ಹೆದೆ ಎಷ್ಟು ದಿನ ಬಾಳುತ್ತದೆ ಎಂದು ತರಬೇತುದಾರರನ್ನು ಕೇಳಿದ್ದೆ.

"ದಿನದ ಲೆಕ್ಕ ಹಿಡೀಬ್ಯಾಡವ್ವಾ, ಬಾಣ ಎಣಸು. ಒಂದು ಎಳಿ ಹರೀತಂದ್ರ ತಗದು ಒಗಿ" ಎಂದಿದ್ದರು.

ಅಂದಿನಿಂದ ಬಿಟ್ಟ ಪ್ರತಿ ಬಾಣಕ್ಕೂ ದಿನಚರಿಯಲ್ಲಿ ಒಂದು ಗೀಟು. ವಾರಕ್ಕೊಮ್ಮೆ ಹೆದೆಗೆ ಮೇಣ ಹಚ್ಚಿ, ಬೆರಳು ಬಿಸಿಯಾಗುವವರೆಗೆ ಉಜ್ಜುತ್ತಿದ್ದೆ. ಮೇಣ ಆರಿದರೆ ಹೆದೆಗೆ ನವಿರು ಏಳುತ್ತದೆ. ಅದರೊಳಗೆ ಮೈದಾನದ ಧೂಳು ಸೇರಿದರೆ ಎಳೆಗಳು ಒಂದನ್ನೊಂದು ತಿಕ್ಕಿ ಸವೆಯುತ್ತವೆ.

ಮಹಾನವಮಿಗೆ ಮಾವ ಹೇಳಿ ಕಳುಹಿಸಿದರು. ಅವರ ಅಜ್ಜನ ಕಾಲದಲ್ಲಿ ಮನೆಯಲ್ಲಿ ಬಿಲ್ಲು ಇತ್ತಂತೆ. ಆಯುಧ ಪೂಜೆಗೆ ಕುಡಗೋಲು, ಕೊಡಲಿಗಳ ಜೊತೆ ನನ್ನ ಬಿಲ್ಲನ್ನೂ ಇಡಬೇಕಂತೆ. ಮಾನ್ವಿಯ ನಮ್ಮ ಮನೆಯಿಂದ ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಲ್ಲಿನ ಚೀಲವನ್ನು ಚಾಲಕರ ಪಕ್ಕ, ಕಾದ ಇಂಜಿನ್ ಮುಚ್ಚಳದ ಮೇಲಿಟ್ಟೆ.

ದೇವದುರ್ಗದಲ್ಲಿ ಹೆದೆಯೇರಿಸಿ ಕೊಟ್ಟೆ. ಮಾವ ಕುಂಕುಮ ಹಚ್ಚಿದರು, ಕೈಮುಗಿದರು, ಬಿಲ್ಲು ಎತ್ತಿ ಬರಿಯ ಹೆದೆಯನ್ನು ಎಳೆದು ಬಿಟ್ಟೇಬಿಟ್ಟರು. ಟಣ್!

"ಮಾವಾ, ಬಾಣ ಇಲ್ದ ಬಿಡಬಾರ್ದ್ರೀ!"

"ಬಾಣ ಹಾಕಿ ಬಿಟ್ರ ನಿಮ್ಮತ್ತಿ ಎಲ್ಲಿ ನಿಂದ್ರಬೇಕು? ಹೆದಿ ಸಪ್ಪಳ ದೇವರಿಗಿ ಕೇಳಬೇಕವ್ವಾ."

"ದೇವರಿಗಿ ಕೇಳ್ಸ್ಯದ, ನನ್ನ ಕಿವೀನೂ ಹೋಗ್ಯದ. ಕೆಳಗಿಡ್ರಿ ಇನ್ನ" ಎಂದರು ಅತ್ತೆ.

ಬಾಣವಿದ್ದರೆ ಬಿಲ್ಲಿನ ಬಿಗಿ ಅದರ ಜೊತೆ ಹೊರಟುಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ಪೆಟ್ಟು ಬಿಲ್ಲಿಗೂ ಹೆದೆಗೂ ಬೀಳುತ್ತದೆ. ಹಬ್ಬದ ದಿನ ಅದನ್ನು ವಿವರಿಸುತ್ತ ಕೂರಲಿಲ್ಲ. ಅತ್ತೆಯ ಜೊತೆ ಗುಡಿಗೆ ಹೋದೆ. ಬಿಲ್ಲು ಅಲ್ಲೇ ಉಳಿಯಿತು.

ಆಯ್ಕೆಯ ದಿನ ಎರಡನೆಯ ಸುತ್ತಿನಲ್ಲಿ ಹೆದೆ ಹರಿದು ಮೊಣಕೈಗೆ ಬಾರಿಸಿತು. ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ತರಬೇತುದಾರರು ತುಂಡನ್ನು ಬೆಳಕಿಗೆ ಹಿಡಿದರು. ಹರಿದದ್ದು ಬಾಣ ಸಿಕ್ಕಿಸುವ ನಡುಭಾಗದಲ್ಲಲ್ಲ, ಬಿಲ್ಲಿನ ತುದಿಗೆ ತೊಡಿಸುವ ಕುಣಿಕೆಯಲ್ಲಿ.

"ಇಲ್ಲಿ ನೋಡ್ತಿದ್ದ್ಯೇನು ದಿನಾ?"

ನೋಡುತ್ತಿರಲಿಲ್ಲ. ಮೇಣ ಹಚ್ಚಿದ್ದೂ, ಬೆರಳಾಡಿಸಿದ್ದೂ ನಡುಭಾಗಕ್ಕೇ. ಹಾಗಾದರೆ ತಪ್ಪು ನನ್ನದೇ? ಇಲ್ಲಾ, ಕುಣಿಕೆಯಲ್ಲಿ ಮೊದಲಿಂದ ಇದ್ದ ಮೇಣವೂ ಬಸ್ಸಿನ ಇಂಜಿನ್ ಶಾಖಕ್ಕೆ ಕರಗಿತ್ತೇ? ಒಂದು ಟಣ್‌ಗೆ ಹೆದೆ ಅಷ್ಟು ಸೋಲುವುದಿಲ್ಲ ಎನ್ನುತ್ತಾರೆ. ಹಲವು ಸಲವಾದರೆ ಹೇಳಲಾಗದು. ಬಾಣವಿಲ್ಲದೆ ಬಿಟ್ಟದ್ದಕ್ಕೆ ನನ್ನ ಬಳಿ ಗೀಟುಗಳಿಲ್ಲ.

ಹೋದ ತಿಂಗಳು ದೇವದುರ್ಗಕ್ಕೆ ಹೋದಾಗ ಮಾವನನ್ನು ಕೇಳಿಯೇಬಿಟ್ಟೆ. ಎಮ್ಮೆಗೆ ನೀರು ಕುಡಿಸಬೇಕೆಂದು ಎದ್ದೇ ಹೋದರು. ನಾನು ಕೇಳಿದ್ದು ಇಷ್ಟೇ:

"ಮಾವಾ, ನಾನು ಅತ್ತಿ ಜೋಡಿ ಗುಡಿಗಿ ಹೋದ ಮ್ಯಾಲ ಮತ್ತ ಎಷ್ಟ್ ಸಲ ಹೆದಿ ಬಿಟ್ರಿ?"