ಬಚ್ಚಲ ಒಲೆಯ ಪಕ್ಕ ಇಪ್ಪತ್ತು ಹೃದಯಗಳು

೧೯೬೪ರ ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಜಯನಗರದ ನಮ್ಮ ಕಾಲೇಜಿನ ಫಿಸಿಯಾಲಜಿ ಪ್ರಯೋಗಾಲಯದಲ್ಲಿ ಇದ್ದವರು ಇಬ್ಬರೇ: ಅಧ್ಯಾಪಕನಾದ ನಾನು, ನನ್ನ ಸಂಶೋಧನಾ ವಿದ್ಯಾರ್ಥಿನಿ ವಿಮಲಾ. ಕರೆಂಟ್ ಹೋಯಿತು. ವಿಚಾರಿಸಿದರೆ, ಸಂಜೆಯವರೆಗೆ ಬರುವುದಿಲ್ಲವೆಂದು ತಿಳಿಯಿತು.

ಇನ್‌ಕ್ಯುಬೇಟರಿನಲ್ಲಿ ಐದು ದಿನ ಕಾವು ಪಡೆದ ಇಪ್ಪತ್ತು ಕೋಳಿಮೊಟ್ಟೆಗಳಿದ್ದವು. ಮರಿಯ ಹೃದಯ ಎರಡನೆಯ ದಿನವೇ ಬಡಿಯತೊಡಗುತ್ತದೆ. ಅದರ ವೇಗವನ್ನು ಹತೋಟಿಯಲ್ಲಿಡುವ ನರಗಳು ಬಂದು ಸೇರುವುದು ಆಮೇಲೆ. ನರಗಳನ್ನು ಬೆಳೆಸುವ ಪ್ರೋಟೀನ್, ಅಂದರೆ ನರ್ವ್ ಗ್ರೋತ್ ಫ್ಯಾಕ್ಟರ್, ಇಲಿಯ ಜೊಲ್ಲುಗ್ರಂಥಿಯಲ್ಲಿದೆ ಎಂಬುದು ಆಗಿನ್ನೂ ಹೊಸ ಸಂಗತಿ. ಅದನ್ನು ಕೊಟ್ಟರೆ ಹೃದಯಕ್ಕೆ ನರಗಳು ದಟ್ಟವಾಗಿ ಹಬ್ಬುತ್ತವೆಯೇ, ಬಡಿತ ಬದಲಾಗುತ್ತದೆಯೇ ಎಂಬುದು ವಿಮಲಾಳ ಪ್ರಶ್ನೆ. ಇದ್ದ ಗ್ರಂಥಿಸಾರವನ್ನೆಲ್ಲ ಆ ಬೆಳಿಗ್ಗೆಯೇ ಅರ್ಧದಷ್ಟು ಮೊಟ್ಟೆಗಳಿಗೆ ಹಾಕಿಯಾಗಿತ್ತು. ಅವಳ ವಿದ್ಯಾರ್ಥಿವೇತನ ಆ ತಿಂಗಳಿಗೆ ಮುಗಿಯುತ್ತಿತ್ತು. ಮೊಟ್ಟೆಗಳು ತಣ್ಣಗಾದರೆ ಅವಳ ಸಂಶೋಧನೆ ಅಲ್ಲಿಗೇ ನಿಲ್ಲುತ್ತಿತ್ತು.

ಬೇಕಾದದ್ದು ಮೂವತ್ತೆಂಟು ಡಿಗ್ರಿ ಶಾಖ. ನಾನು ಬಾಡಿಗೆಗಿದ್ದ ಮನೆಯ ಬಚ್ಚಲಿನಲ್ಲಿ ಹಂಡೆಯೊಲೆ ಇಡೀ ದಿನ ಬೆಚ್ಚಗಿರುತ್ತಿತ್ತು. ಮೊಟ್ಟೆಗಳನ್ನು ಹತ್ತಿಯಲ್ಲಿ ಸುತ್ತಿ ಬುಟ್ಟಿಗಿಟ್ಟು ಹೊರಟೆವು. ಮನೆಯೊಡತಿ ಗಂಗಮ್ಮನವರು ಕಟ್ಟಾ ಸಸ್ಯಾಹಾರಿ. ಹಿತ್ತಲಿನಿಂದ ನುಸುಳೋಣ ಎಂದಳು ವಿಮಲಾ. ನಾನು ಮುಂಬಾಗಿಲಿಗೇ ಹೋದೆ.

"ಏನ್ ಮೇಷ್ಟ್ರೇ, ಮಾವಿನಕಾಯಾ?"

"ಮೊಟ್ಟೆ, ಗಂಗಮ್ಮನೋರೇ. ಸಂಜೆವರೆಗೂ ಬಚ್ಚಲಲ್ಲಿ ಜಾಗ ಬೇಕು."

"ಶಿವ ಶಿವಾ! ಮೊಟ್ಟೆ ತಿನ್ನೋರಿಗೆ ಮನೆ ಕೊಡಲ್ಲ ಅಂದಿದ್ದೆ, ನೀವು ಬುಟ್ಟಿಗಟ್ಲೆ ತಂದಿದೀರಲ್ಲ!"

"ತಿನ್ನೋಕಲ್ಲ. ಒಳಗೆ ಜೀವ ಇದೆ. ಕಾವಿಲ್ದಿದ್ರೆ ಸಾಯುತ್ತೆ."

"ಬದುಕಿಸಿ ಏನ್ಮಾಡ್ತೀರಿ?"

ವಿಮಲಾ ನನ್ನ ಮುಖ ನೋಡಿದಳು.

"ಮುಂದಿನ ವಾರ ಒಡೆದು ಹೃದಯ ಪರೀಕ್ಷೆ ಮಾಡ್ತೀವಿ," ಎಂದೆ.

ಗಂಗಮ್ಮನವರು ಬುಟ್ಟಿಯನ್ನೇ ದಿಟ್ಟಿಸಿದರು. "ಆ ಪಾಪ ನೀವೇ ಹೊತ್ಕೊಳ್ಳಿ. ನನ್ನ ಬಾಗ್ಲಲ್ಲಿ ತಣ್ಣಗಾಗಿ ಸಾಯೋದು ಬೇಡ. ಸೌದೆ ಮಾತ್ರ ನೀವೇ ಹಾಕ್ಬೇಕು."

ಬುಟ್ಟಿಯೊಳಗೆ ಥರ್ಮಾಮೀಟರ್ ಇಟ್ಟು, ಶಾಖ ಏರಿದಾಗ ಬುಟ್ಟಿಯನ್ನು ಹಿಂದಕ್ಕೆ, ಇಳಿದಾಗ ಮುಂದಕ್ಕೆ ಸರಿಸುತ್ತಾ ಸರದಿಯಂತೆ ಕೂತೆವು. ಮಧ್ಯಾಹ್ನ ಗಂಗಮ್ಮನವರು ಬಾಗಿಲಲ್ಲಿ ಇಣುಕಿದರು. ವಿಮಲಾ ಒಂದು ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು, ಹೃದಯಕ್ಕೆ ನರಗಳು ಇನ್ನು ಮೇಲೆ ಬರಬೇಕು ಎಂದು ಅವರಿಗೆ ವಿವರಿಸಿದಳು. ಕೆಂಪು ಎಳೆಗಳ ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು.

"ನರ ಇನ್ನೂ ಬಂದಿಲ್ಲ ಅಂತೀಯಲ್ಲಮ್ಮ, ಇದನ್ನ ಹೊಡಿಸ್ತಿರೋದು ಯಾರು?"

"ಯಾರೂ ಇಲ್ಲ, ತಾನೇ ಹೊಡ್ಕೊಳ್ಳುತ್ತೆ. ಬೇಗ ಮಾಡು, ನಿಧಾನ ಮಾಡು ಅಂತ ಹೇಳೋಕಷ್ಟೇ ನರ."

"ಅಂದ್ರೆ ಅತ್ತೆ ಬರೋಕ್ ಮುಂಚೇನೇ ಸೊಸೆ ಸಂಸಾರ ನಡೆಸ್ತಿದಾಳೆ ಅನ್ನು!"

"ಕೇಳಿಸ್ಕೊಂಡೆ ಅತ್ತೆ!" ಎಂದು ಅಡುಗೆಮನೆಯಿಂದ ಸೊಸೆಯ ದನಿ ಬಂತು.

ಸಂಜೆ ಕರೆಂಟ್ ಬಂದ ಕೂಡಲೇ ಪ್ರಯೋಗಾಲಯಕ್ಕೆ ಮರಳಿದೆವು. ಯಾರದೇ ನೆರವು ಕೇಳುವಾಗ ಅದು ಯಾತಕ್ಕೆಂದು ಪೂರ್ತಿ ಹೇಳಿಯೇ ಕೇಳಬೇಕು, ಅವರು ಆಗದೆಂದರೆ ವಾಪಸಾಗಬೇಕು. ಸೇವೆಯುದ್ದಕ್ಕೂ ನಾನು ಪಾಲಿಸಿದ ಕ್ರಮವಿದು.

ವಿಮಲಾ ಒಂದೊಂದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಸಾರ ಹಾಕದ ಗುಂಪಿನಲ್ಲಿ ಎರಡು ನಿಂತುಹೋಗಿದ್ದವು. ಉಳಿದವೆಲ್ಲ ಮಿಡಿಯುತ್ತಿದ್ದವು, ಹೋಲಿಕೆಗೆ ಅಷ್ಟು ಸಾಕಿತ್ತು.

"ಸೋಮವಾರ ಎಷ್ಟು ಗಂಟೆಗೆ ಬರ್ಲಿ ಸಾರ್?" ಎಂದಳು.

"ಎಂಟಕ್ಕೆ," ಎಂದು ಇನ್‌ಕ್ಯುಬೇಟರಿನ ಬಾಗಿಲು ಮುಚ್ಚಿದೆ.